ಜೀಪಿನ ಹೊಟ್ಟೆಗೊಂದು ಕವಚ

ಕಳೆದ ಮಳೆಗಾಲ ಹೆತ್ತೂರಿನ ಕಡೆಯ ಹಳ್ಳವೊಂದರಲ್ಲಿ ನಾನು ನಮ್ಮ ತೋಟದ ಜೀಪನ್ನು ಬಂಡೆಯ ಮೇಲೆ ಕೂರಿಸಿ ಆಯಿಲ್ ಚೇಂಬರ್ ಒಡೆದುಬಿಟ್ಟೆ. ಎಂಜಿನ್ನಿನ ಆಯಿಲೆಲ್ಲ ಹಳ್ಳದ ಪಾಲಾಯಿತು. ಟ್ರ್ಯಾಕ್ಟರ್ ತಂದು ಎಳೆಸಿದ ಅಪ್ಪ ಮನೆಗೆ ಬಂದವರೇ ಜೀಪಿನ ಕೀ ಕಿಸೆಗೆ ಹಾಕಿಕೊಂಡರು. ಈ ವರ್ಷ ಸಕಲೇಶಪುರದ ಜೀಪ್ ರೇಸಿಗೆ ಹೆಸರು ಕೊಡುತ್ತೇನೆ ಎಂದಾಗ ಅವರು ಒಂದೇ ಮಾತು ಹೇಳಿದರು.

"ಅದೇ ಹಳ್ಳ, ಅದೇ ಬಂಡೆ. ಒಂದ್ ತೊಟ್ಟು ಆಯಿಲ್ ಬೀಳ್ದಂಗೆ ದಾಟ್ಸು, ರೇಸಿಗೆ ಹೋಗು. ಬಿತ್ತೋ, ಇನ್ಮೇಲೆ ಸ್ಟೇರಿಂಗ್ ಮುಟ್ಟಂಗಿಲ್ಲ."

ನನಗೆ ಅಷ್ಟೇ ಸಾಕಿತ್ತು. ಜೀಪಿನ ಹೊಟ್ಟೆಗೆ ಕಲ್ಲು ತಾಗದಂತೆ ಅಡಿಯಲ್ಲಿ ಬಿಗಿಯುವ ಲೋಹದ ಹಲಗೆಗೆ ಸ್ಕಿಡ್ ಪ್ಲೇಟ್ ಎನ್ನುತ್ತಾರೆ. ಅದನ್ನು ಯಾವುದರಲ್ಲಿ ಮಾಡಿಸುವುದು ಎಂದು ಒಂದು ವಾರ ಊಟ ನಿದ್ದೆ ಬಿಟ್ಟು ವಿಡಿಯೋ ನೋಡಿದೆ. ಅಲ್ಯೂಮಿನಿಯಂ ಎಂದು ತೀರ್ಮಾನಿಸಿದೆ. ಹಗುರ, ಅದಕ್ಕಿಂತ ಮುಖ್ಯವಾಗಿ ತುಕ್ಕು ಹಿಡಿಯುವುದಿಲ್ಲ! ಕತ್ತಿಯಿಂದ ಹಿಡಿದು ಗೇಟಿನ ಚಿಲಕದವರೆಗೆ ಎಲ್ಲವನ್ನೂ ಮಳೆಗಾಲ ತಿಂದುಹಾಕುವ ಊರಿನಲ್ಲಿ ಬೆಳೆದವರಿಗೆ ಕಬ್ಬಿಣ ಎಂದರೆ ಮೊದಲು ಕಣ್ಣಿಗೆ ಕಟ್ಟುವುದು ತುಕ್ಕು. ಬಂಡೆಗೆ ಉಜ್ಜಿದರೆ ಏನಾಗುತ್ತದೆ ಎಂಬ ಯೋಚನೆ ನನಗೆ ಬರಲೇ ಇಲ್ಲ.

ಆಲೂರಿನ ವೆಲ್ಡಿಂಗ್ ಅಂಗಡಿಯವನು ಒಪ್ಪಲಿಲ್ಲ. "ಅದು ಮೆತ್ತಗೈತೆ ಕಣಕ್ಕ, ಕಲ್ಲಿಗೆ ಕಚ್ಕಂಬುಡ್ತದೆ. ಕಬ್ಬಿಣ ಆದ್ರೆ ಜಾರ್ತದೆ" ಎಂದ. ನಾನು ಬಿಡುವವಳೇ? ಅರ್ಧ ಗಂಟೆ ವಾದಿಸಿ, ಎರಡರಲ್ಲೂ ಒಂದೊಂದು ತುಂಡು ಕೊಯ್ಯಿಸಿಕೊಂಡು ಬಂದೆ.

ಜಗುಲಿಯಲ್ಲಿ ಕೂತು ಎರಡನ್ನೂ ಸುತ್ತಿಗೆಯಿಂದ ಕುಟ್ಟುತ್ತಿದ್ದಾಗ ಅಪ್ಪ ಪೇಪರ್ ಮಡಚಿಟ್ಟರು. "ಕುಟ್ಟುದ್ರೆ ಏನ್ ಗೊತ್ತಾಗ್ತದೆ ಮಾರಾಯ್ತಿ? ದಿಮ್ಮಿಗೆ ಬಡ್ದು ಎಳ್ಸಿ ನೋಡು."

ತೋಟದಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಮರ ಕಡಿದಾಗ ದಿಮ್ಮಿಗೆ ಸರಪಳಿ ಬಿಗಿದು ಟ್ರ್ಯಾಕ್ಟರಿನಲ್ಲಿ ಎಳೆಸುವುದು ನಮ್ಮಲ್ಲಿ ರೂಢಿ. ಅಂಥದೊಂದು ದಿಮ್ಮಿಯ ಅಡಿಗೆ ಅಲ್ಯೂಮಿನಿಯಂ ತುಂಡನ್ನು ಬಡಿದೆವು. ಅಪ್ಪನೇ ಟ್ರ್ಯಾಕ್ಟರ್ ಹತ್ತಿ ಹಳ್ಳದ ಬಂಡೆಗಳ ಮೇಲೆ ಎಳೆದರು. ಅರ್ಧಕ್ಕೇ ಗಕ್ಕನೆ ನಿಂತಿತು! ಮಗುಚಿ ನೋಡಿದರೆ ಅಲ್ಯೂಮಿನಿಯಂನಲ್ಲಿ ಉಗುರು ಹೂತುಹೋಗುವಷ್ಟು ಆಳದ ಗೀರು. ಕಬ್ಬಿಣದ ತುಂಡು ಬಡಿದು ಎಳೆದರೆ ದಿಮ್ಮಿ ಕಿರ್ರೆಂದು ಕಿರುಚಿಕೊಂಡು ಜಾರಿ ಆಚೆ ದಡ ಸೇರಿತು. ಸೋತದ್ದು ನಾನು, ಆದರೂ ಕುಣಿದಾಡುವಷ್ಟು ಖುಷಿ. ತುಕ್ಕು ಹಿಡಿದರೆ ವರ್ಷಕ್ಕೊಮ್ಮೆ ಬಣ್ಣ ಬಳಿದರಾಯಿತು.

ಮುಂದಿನ ಭಾನುವಾರ ಕಬ್ಬಿಣದ ಹಲಗೆ ಬಿಗಿಸಿಕೊಂಡು ಹಳ್ಳಕ್ಕಿಳಿದೆ. ಪಕ್ಕದಲ್ಲಿ ಅಪ್ಪ. ಆ ಬಂಡೆಯ ನೆತ್ತಿಗೆ ಬಂದಾಗ ಅಡಿಯಿಂದ ಆ ದಿಮ್ಮಿಯದಕ್ಕಿಂತ ಜೋರಾಗಿ ಕಿರ್ರೆಂಬ ಸದ್ದು ಬಂತು.

"ನಿಲ್ಸು, ನಿಲ್ಸೇ!" ಎಂದು ಅಪ್ಪ ಕೂಗಿದರು. ನಾನು ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ. ಜೀಪು ವಾಲಿತು, ಜಾರಿತು, ಒಂದೇ ನೆಗೆತಕ್ಕೆ ದಡ ಹತ್ತಿತು.

ನಾನು ಇಳಿಯುವಷ್ಟರಲ್ಲಿ ಅಪ್ಪ ಪಂಚೆ ಎತ್ತಿಕಟ್ಟಿ, ಕೆಸರಿನಲ್ಲೇ ಅಂಗಾತ ಮಲಗಿ ಜೀಪಿನಡಿಗೆ ತಲೆ ತೂರಿಸಿದ್ದರು. ಹಲಗೆಯ ಸಂದಿಯಲ್ಲಿ ಬೆರಳಾಡಿಸಿ ಮೂಸಿ ನೋಡಿದರು. ಬರೀ ನೀರು. ಎದ್ದು ನಿಂತು ನನ್ನನ್ನೇ ದಿಟ್ಟಿಸಿದರು.

"ರೇಸಲ್ಲಿ ಪಕ್ಕದ ಸೀಟ್ಗೆ ಒಬ್ರು ಬೇಕಂತಲ್ಲ, ಯಾರ್ಗೆ ಹೇಳಿದ್ದೀಯ?"

"ಇನ್ನೂ ಯಾರಿಗೂ ಹೇಳಿಲ್ಲ."

"ನನ್ ಹೆಸ್ರು ಬರ್ಸು" ಎಂದರು ಅಪ್ಪ, ಬೆನ್ನಿನ ಕೆಸರು ಕೊಡವುತ್ತ. "ಆದ್ರೆ ಅಲ್ಲೂ ನಾನು ನಿಲ್ಸು ಅಂತೀನಿ. ನೀನು ನಿಲ್ಸಬ್ಯಾಡ."