ಲಾಭದಿಂದ ಶುರುವಾಗುವ ಎಣಿಕೆ

ಐನಾಪುರದ ಧನಪಾಲನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಖರೆ. ಆದರೆ ಅವನ ಅಳತೆಯಲ್ಲಿ ತಪ್ಪು ತೋರಿಸಿದವರಿಲ್ಲ. ಓಣಿಯಲ್ಲಿ ಯಾರ ಜೋಳದ ರಾಶಿಯಾದರೂ ಅಳೆಯಲು ಅವನೇ ಬೇಕು. ಮೊದಲ ಸೇರಿಗೆ ‘ಲಾಭ’ ಎನ್ನುತ್ತಿದ್ದ, ಆಮೇಲೆ ಎರಡು, ಮೂರು. ‘ಒಂದು’ ಎಂದರೆ ರಾಶಿ ಅಷ್ಟಕ್ಕೇ ನಿಂತೀತು ಎಂದು ಹಿರಿಯರ ನಂಬಿಕೆ. ಜೀವಮಾನವಿಡೀ ಹೀಗೆ ಎಣಿಸಿದವನ ಬಾಯಿಗೆ ‘ಒಂದು’ ಬರುವುದಾದರೂ ಹೇಗೆ?

ಮಗ ಸುಹಾಸನಿಗೆ ದ್ರಾಕ್ಷಿ ಕಿತ್ತು ಕಬ್ಬು ಹಚ್ಚುವ ಆಸೆ. ಆ ಬಳ್ಳಿಗಳನ್ನು ಕೈಯಾರೆ ಬೆಳೆಸಿದ ಅಪ್ಪ ಒಲ್ಲೆ ಎಂದ. ಅಪ್ಪ ಒಮ್ಮೆ ಮೋಟಾರು ಬಂದ್ ಮಾಡಲು ಮರೆತದ್ದೇ ಮಗನಿಗೆ ನೆಪವಾಯಿತು. ಡಾಕ್ಟರಿಗೆ ತೋರಿಸೋಣ, ಅವರು ಮರೆವು ಇದೆ ಅಂದರೆ ತೋಟದ ಕಾರಭಾರ ತನಗೆ ಎಂದ. ಧನಪಾಲ ನಕ್ಕು ಹೂಂ ಅಂದ. ತನ್ನ ನೆನಪಿನ ಮೇಲೆ ಅವನಿಗೆ ಅಷ್ಟು ಭರವಸೆ. ಹೆಂಡತಿ ಕಾಶಿಬಾಯಿಯನ್ನೂ ಕರೆದುಕೊಂಡು ಮೂವರೂ ಚಿಕ್ಕೋಡಿಗೆ ಹೋದರು.

ಡಾಕ್ಟರು ಮೈಸೂರು ಪೇಟೆಯಲ್ಲಿ ಬೆಳೆದ ಹುಡುಗ, ರಾಶಿ ಅಳೆಯುವುದನ್ನು ಕಂಡವನಲ್ಲ. “ಅಜ್ಜ, ನಾನು ಹೇಳಿದ ಅಂಕಿಗಳನ್ನು ಹಾಗೇ ಹೇಳಿ. ನಾಲ್ಕು, ಒಂದು, ಏಳು.”

“ನಾಕು, ಲಾಭ, ಏಳು.”

ಡಾಕ್ಟರು ಹುಬ್ಬೇರಿಸಿದ. “ಈಗ ಹಿಂದಿನಿಂದ ಮುಂದಕ್ಕೆ. ಎಂಟು, ಮೂರು, ಒಂದು, ಆರು.”

ಧನಪಾಲ ಕಣ್ಣು ಮುಚ್ಚಿ, ರಾಶಿಯ ಮುಂದೆ ಕೂತವನ ದನಿಯಲ್ಲೇ ಹೇಳಿದ: “ಆರು, ಲಾಭ, ಮೂರು, ಎಂಟು.”

“ಮತ್ತೆ ಮತ್ತೆ ಇಲ್ಲದ ಅಂಕಿ ಹೇಳ್ತಾರಲ್ಲ?” ಎಂದು ಡಾಕ್ಟರು ಸುಹಾಸನನ್ನು ಕೇಳಿದ.

“ಲಾಭ ಅಂದ್ರ ಒಂದ್ರಿ ಸಾಹೇಬ್ರ!” ಧನಪಾಲನಿಗೆ ತಪ್ಪು ಈಗ ಹೊಳೆಯಿತು.

“ಇತ್ತೀಚೆ ಹಿಂಗ ಏನೇನರ ಅಂತಾರ್ರಿ,” ಎಂದ ಸುಹಾಸ. ರಾಶಿಯಲ್ಲೇ ಆಡಿ ಬೆಳೆದ ಮಗ!

ಡಾಕ್ಟರು ಒಳ್ಳೆಯವನೇ. ಕಾಶಿಬಾಯಿಯ ಕಡೆ ತಿರುಗಿದ. “ಅಮ್ಮ, ನೀವು ಹೇಳಿ. ಒಂದಕ್ಕೆ ಹಾಗೆ ಅನ್ನುವುದುಂಟಾ?”

ಧನಪಾಲನಿಗೆ ಜೀವ ಬಂತು. ಮದುವೆಯಾದ ಹೊಸತರಲ್ಲಿ ಅವಳಿಗೆ ಅಳತೆ ಕಲಿಸಿದವನು ಅವನೇ.

ಕಾಶಿಬಾಯಿ ಸೆರಗಿನ ತುದಿ ನೋಡುತ್ತ, “ನನಗೇನ ಗೊತ್ತಿಲ್ರಿ,” ಎಂದಳು.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಧನಪಾಲ ಮುಂದೆ ಯಾವ ಅಂಕಿಯನ್ನೂ ಹೇಳಲಿಲ್ಲ. ವ್ಯವಹಾರ ಮಗನೇ ನೋಡಿಕೊಳ್ಳಲಿ ಎಂದು ಡಾಕ್ಟರು ಹೇಳಿ ಕಳಿಸಿದ.

ಊರು ಮುಟ್ಟಿದ ಮೇಲೆ ಸುಹಾಸ ಬಳ್ಳಿ ಕೀಳುವ ಆಳುಗಳನ್ನು ಗೊತ್ತು ಮಾಡಲು ಹೋದ. ಆಗ ಕಾಶಿಬಾಯಿ ಬಾಯಿ ಬಿಟ್ಟಳು. “ಡಾಕ್ಟರ ಮುಂದ ತನಗ ಎದುರಾಡಿದ್ರ ಬ್ಯಾರೆ ಆಗ್ತೀನಿ ಅಂದಿದ್ನರಿ ಮಗ. ಮನಿ ಒಡೀಬಾರ್ದಂತ...”

ಹೊತ್ತು ಮುಳುಗುವುದರೊಳಗೆ ಉಣ್ಣುವ ಜೈನರ ಮನೆ ಅದು. ಅಂದು ಧನಪಾಲ ತಾಟು ಮುಟ್ಟಲಿಲ್ಲ.

ಅವಳು ಗಿರಣಿಗೆ ಕಳಿಸಲು ಜೋಳ ಅಳೆಯತೊಡಗಿದಳು. ಸೇರು ತುಂಬಿದಳು, ಗಂಡನ ಮುಖ ನೋಡಿದಳು. ಗೊತ್ತಿಲ್ಲ ಎಂದ ಬಾಯಿಗೆ ‘ಲಾಭ’ ಬರಲಿಲ್ಲ, “ಒಂದು,” ಎಂದಳು. ಆ ಮನೆಗೆ ಬಂದಾಗಿನಿಂದ ಅವಳು ಹಾಗೆ ಎಣಿಸಿದ್ದೇ ಇಲ್ಲ.

ಧನಪಾಲ ಎದ್ದು ಬಂದು, ಆ ಸೇರು ಜೋಳವನ್ನು ಮರಳಿ ಚೀಲಕ್ಕೆ ಸುರಿದ.

“ಡಾಕ್ಟರ ಮುಂದ ಸುಳ್ಳ ಹೇಳಿದಿ, ಆತು. ಜ್ವಾಳದ ಮುಂದ ಬ್ಯಾಡ. ಮೊದಲಿಂದ ಅಳೆ.”

ಅವಳು ಮತ್ತೆ ತುಂಬಿದಳು. ನಾಲ್ಕು ಕಾಳು ನೆಲಕ್ಕೆ ಬಿದ್ದವು.

“ಲಾಭ,” ಎಂದಳು, ಅಳುತ್ತ.

“ಈಗ ಗೊತ್ತಾತೇನ?” ಎಂದ ಧನಪಾಲ.