ಅಪ್ಪನ ದಮ್ಮಡಿಗೆ ನನ್ನ ಎಡಗೈ

ತಬಲಾ ಬಾರಿಸುವವನ ಎಡಗೈ ಹೋದರೆ ಅರ್ಧ ವಿದ್ಯೆ ಹೋಯಿತು ಎಂದು ಜನ ಲೆಕ್ಕ ಹಾಕುತ್ತಾರೆ. ಅದು ತಪ್ಪು ಲೆಕ್ಕ. ಬಲಗೈಯ ತಬಲಾ ಒಂದೇ ಟಣ್ ಟಣ್ ಎನ್ನುತ್ತಿದ್ದು, ಪಕ್ಕದಲ್ಲಿ ಎಡಗೈಯ ಡಗ್ಗಾದ ಗುಮ್ಮೆನ್ನುವ ದನಿ ಇಲ್ಲದಿದ್ದರೆ, ಯಾರೋ ಕದ ತಟ್ಟುತ್ತಿದ್ದಾರೆ ಅನ್ನಿಸುತ್ತದೆಯೇ ಹೊರತು ಭಜನೆ ನಡೆಯುತ್ತಿದೆ ಅನ್ನಿಸುವುದಿಲ್ಲ. ಲಕ್ವಾ ಹೊಡೆದು ಅಪ್ಪನ ಎಡಗೈ, ಎಡಗಾಲು ಬಿದ್ದುಹೋದ ಮೇಲೆ, ಅವನನ್ನು ಕರೆತಂದುಕೊಂಡಿದ್ದ ಬಳ್ಳಾರಿಯ ನಮ್ಮ ಮನೆಯಲ್ಲಿ ಒಂದು ಸಂಜೆ ಅಪ್ಪ ಬಲಗೈ ಒಂದರಿಂದಲೇ ನುಡಿಸಿ ನೋಡಿದ. ಸ್ವಲ್ಪ ಹೊತ್ತಿಗೇ "ಮುಚ್ಚಿಡು ಇದನ್ನ" ಎಂದ. ನಾನು ಎರಡಕ್ಕೂ ತೀರಿಹೋದ ಅವ್ವನ ಹಳೆಯ ಸೀರೆ ಸುತ್ತಿ ಅಟ್ಟಕ್ಕೆ ಹಾಕಿದೆ. ಅವತ್ತು ಅಪ್ಪ ಊಟ ಮಾಡಲಿಲ್ಲ.

ಅಪ್ಪನದು ಕುರುಗೋಡು. ಅಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ. ವಾರವೆಲ್ಲ ಗಿರಣಿ, ಸೋಮವಾರ ಸಂಜೆ ಗುಡಿಯಲ್ಲಿ ಭಜನೆ. ಹಾಡುವವರು ಪೇಟಿ ಮಾಮ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತೇವೆ. ಅದನ್ನು ನುಡಿಸುತ್ತ ತತ್ವಪದ ಹಾಡುವ ಅಪ್ಪನ ಗೆಳೆಯ ನನಗೆ ಬುದ್ಧಿ ಬಂದಾಗಿನಿಂದ ಪೇಟಿ ಮಾಮನೇ. ಅವರ ಮನೆ ಸಿರುಗುಪ್ಪದಲ್ಲಿ, ಕೆಲಸ ಅಲ್ಲಿಯ ಒಂದು ರೈಸ್ ಮಿಲ್ಲಿನಲ್ಲಿ. ಸೋಮವಾರ ಮಧ್ಯಾಹ್ನದ ಬಸ್ಸು ಹಿಡಿದು ಕುರುಗೋಡಿಗೆ ಬರುತ್ತಿದ್ದರು. ಸಿರುಗುಪ್ಪದಲ್ಲೂ ಭಜನಾ ಮಂಡಳಿ ಇತ್ತು. "ಅಲ್ಲಿ ಹಾಡವ್ರು ಅದಾರ, ನಿಮ್ಮಪ್ಪನಂಗ ಬಾರಸವ್ರಿಲ್ಲ" ಎನ್ನುತ್ತಿದ್ದರು ಮಾಮ.

ತಾಳ ತಪ್ಪಿದವರನ್ನು ಅವರು ಬಿಡುತ್ತಿರಲಿಲ್ಲ. ಪದದ ನಡುವೆಯೇ ಪೇಟಿ ನಿಲ್ಲಿಸಿ, "ಲೇ, ಅನ್ನದಾಗ ಹಳ್ಳು ಹಾಕಿದಿ ನೋಡು. ಇನ್ನ ಯಾರು ಉಣ್ಣಬೇಕು ಇದನ್ನ?" ಎಂದು ಎಲ್ಲರೆದುರು ಕೇಳುತ್ತಿದ್ದರು. ಅಕ್ಕಿ ಮಿಲ್ಲಿನವರಲ್ಲವೆ, ಬೈಗುಳವೂ ಅಕ್ಕಿಯೊಳಗಿನ ಕಲ್ಲಿನದೇ. ಗುಡಿಗೆ ಹಿತ್ತಾಳೆಯ ತಾಳ ಕೊಡಿಸಿದ ಅಂಗಡಿಯವರೊಬ್ಬರು ಒಮ್ಮೆ ಬೈಸಿಕೊಂಡು ಯುಗಾದಿಯವರೆಗೆ ಆ ಕಡೆ ತಲೆ ಹಾಕಲಿಲ್ಲ. ಅಪ್ಪನನ್ನೂ ಬೈಯುತ್ತಿದ್ದರು, ಅಪ್ಪ ತಿರುಗಿ ಬೈಯುತ್ತಿದ್ದ. ಇಬ್ಬರೂ ಇನ್ನು ಮಾತು ಬಿಟ್ಟರೆಂದೇ ಸಣ್ಣವಳಾದ ನಾನು ಹೆದರುತ್ತಿದ್ದೆ. ಮುಂದಿನ ಸೋಮವಾರ ನೋಡಿದರೆ ಒಂದೇ ಪೇಪರಿನಲ್ಲಿ ವಗ್ಗರಣಿ-ಮಿರ್ಚಿ ಹಾಕಿಕೊಂಡು ತಿನ್ನುತ್ತ ಕೂತಿರುತ್ತಿದ್ದರು.

ಆ ಮಾಮನೇ ಒಂದು ದಿನ ಬಳ್ಳಾರಿಗೆ ಬಂದು, ಕೈಚೀಲದಿಂದ ದಮ್ಮಡಿ ತೆಗೆದು ಅಪ್ಪನ ಹಾಸಿಗೆಯ ಮೇಲಿಟ್ಟರು. ಕಟ್ಟಿಗೆಯ ಬಳೆಗೆ ಒಂದು ಕಡೆ ಚರ್ಮ ಬಿಗಿದು, ಅಂಚಿಗೆ ಸಣ್ಣ ಗೆಜ್ಜೆಬಿಲ್ಲೆ ಹಾಕಿದ್ದು. ಊಟದ ತಟ್ಟೆಯಷ್ಟು ಅಗಲ. ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯಿಂದ ಬಾರಿಸುವುದು.

ಅಪ್ಪ ಅದನ್ನು ಮುಟ್ಟಲೂ ಇಲ್ಲ. ಅದಕ್ಕೆ ಕಾರಣವಿತ್ತು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಶವವನ್ನು ಕುಳ್ಳಿರಿಸಿ ಮುಂದೆ ಭಜನೆ ಮಾಡುತ್ತಾರೆ. ಮನೆಯಲ್ಲಿ ತಬಲಾ ಇರುತ್ತದೆ. ಶವ ಕೂರಿಸಿದ ಹೂವಿನ ವಿಮಾನ ಎತ್ತಿ ಮಣ್ಣಿಗೆ ಹೊರಟರೆ ತಬಲಾ ಅಲ್ಲೇ ನಿಲ್ಲುತ್ತದೆ, ಅದನ್ನು ನಡೆಯುತ್ತ ಬಾರಿಸಲಾಗದು. ಆಮೇಲೆ ದಾರಿಯುದ್ದಕ್ಕೂ ದಮ್ಮಡಿ, ತಾಳ, ಕೊರಳಿಗೆ ತೂಗುಹಾಕಿಕೊಂಡ ಪೇಟಿ, ಇಷ್ಟೇ. ಹೀಗಾಗಿ ಅಪ್ಪ ಎಷ್ಟೋ ಸಾವಿನ ಮನೆಗಳಲ್ಲಿ ಬಾರಿಸಿದ್ದರೂ ಬಾಗಿಲಿನಿಂದಾಚೆ ಹೋದವನಲ್ಲ.

"ಇದು ಮಣ್ಣಿಗೆ ಒಯ್ಯೋದು," ಎಂದ ಅಪ್ಪ. ಲಕ್ವಾದಿಂದ ಮಾತೂ ಸ್ವಲ್ಪ ತೊದಲುತ್ತಿತ್ತು. "ನನ್ನ ಮಣ್ಣಿಗೆ ನಾನ ಬಾರಸ್ಕೋತ ಹೋಗಲೇನು?"

"ಹೋಗು," ಎಂದರು ಮಾಮ. "ಬ್ಯಾರೆ ಯಾರು ಬಾರಸಿದ್ರೂ ನಿನಗ ಸೇರಂಗಿಲ್ಲ."

ಅಪ್ಪ ನಕ್ಕ. ಆಸ್ಪತ್ರೆಯಿಂದ ಬಂದ ಮೇಲೆ ನಕ್ಕದ್ದು ಅದೇ ಮೊದಲು. ಎಡಗೈಯೇ ಇಲ್ಲದವನು ದಮ್ಮಡಿಯನ್ನು ಹಿಡಿಯುವುದು ಹೇಗೆ ಎಂಬುದು ಆಮೇಲೆ ಹೊಳೆದ ಪ್ರಶ್ನೆ. ಚಹಾ ತಂದಿಟ್ಟು ನಿಂತಿದ್ದ ನನ್ನ ಕಡೆ ಮಾಮ ಕೈ ತೋರಿಸಿದರು. "ಇಕಿ ಅದಾಳಲ್ಲ. ಹಿಡಕೊಂಡು ಕುಂದರ್ತಾಳ."

ನಾನು ಸಾಲಿಯಲ್ಲಿ ಗಣಿತ ಕಲಿಸುವವಳು. ವಾದ್ಯ ನುಡಿಸಿದವಳಲ್ಲ, ಆದರೆ ತಬಲಾದ ಮನೆಯಲ್ಲಿ ಬೆಳೆದ ಕಿವಿ ನನ್ನದು. ಅಪ್ಪನ ಎಡಕ್ಕೆ ಕೂತು, ದಮ್ಮಡಿಯನ್ನು ಅವನ ಎದೆಯ ಮುಂದೆ ಹಿಡಿದು, ಒಳಗಡೆಯಿಂದ ಚರ್ಮಕ್ಕೆ ಬೆರಳು ಒತ್ತುವುದನ್ನು ಕಲಿತೆ. ಒತ್ತಿದರೆ ದನಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಎಲ್ಲಿ ಒತ್ತಬೇಕೆಂದು ಅಪ್ಪ ಕಣ್ಣಿನಲ್ಲೇ ಹೇಳುತ್ತಿದ್ದ. ತಡವಾದರೆ ಬಲಗೈ ನನ್ನ ಮಣಿಕಟ್ಟಿನ ಮೇಲೆ ಬೀಳುತ್ತಿತ್ತು. "ಎಡಗೈ ಅಂದ್ರ ಈಗ ನೀನ. ಬಲಗೈಯ ಮಾತು ಕೇಳಬೇಕು." ಮದುವೆಯಾಗಿ ಮಕ್ಕಳು ಕಾಲೇಜಿಗೆ ಬಂದ ವಯಸ್ಸಿನಲ್ಲಿ ಅಪ್ಪನಿಂದ ಏಟು ತಿನ್ನುವ ಭಾಗ್ಯ ನನಗೆ ಬಂತು. ಸುಳ್ಳು ಹೇಳುವುದೇಕೆ, ಆ ದಿನಗಳಲ್ಲಿ ನಾನು ಸುಖವಾಗಿದ್ದೆ.

ಮೊದಲ ಸೋಮವಾರ ಕಾರು ಮಾಡಿಕೊಂಡು ಕುರುಗೋಡಿಗೆ ಹೋದೆವು. ಗುಡಿಯಲ್ಲಿ ಅಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದರು. ಮಾಮ ಪದ ಎತ್ತಿದರು, ಅಪ್ಪ ಬಾರಿಸಿದ. ಪಲ್ಲವಿ ಮುಗಿಯುವ ಮುಂಚೆಯೇ ನನ್ನ ಬೆರಳಿಗೆ ಗೊತ್ತಾಯಿತು. ಅಪ್ಪನ ಲಯ ಹೋಗಿತ್ತು. ಒಂದು ಏಟು ಬೇಗ, ಒಂದು ತಡ. ಎಲ್ಲೋ ಒಂದು ಪೂರ್ತಿ ಬಿಟ್ಟೇ ಹೋಗುತ್ತಿತ್ತು. ಮನೆಯಲ್ಲಿ ಹಾಡಿಲ್ಲದೆ ಬಾರಿಸುವಾಗ ನನಗೆ ತಿಳಿದಿರಲಿಲ್ಲ. ಕೈಕಾಲಿನ ಜೊತೆ ಲಕ್ವಾ ಇದನ್ನೂ ಒಯ್ದಿದೆ ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ, ಅಪ್ಪನಿಗಂತೂ ಅದರ ಸುಳಿವೇ ಇರಲಿಲ್ಲ. ಅವನು ಕಣ್ಣು ಮುಚ್ಚಿ, ತಲೆಯಾಡಿಸುತ್ತ ಹಬ್ಬದಲ್ಲಿದ್ದ.

ನಾನು ಮಾಮನ ಮುಖ ನೋಡಿದೆ. ಈಗ ಪೇಟಿ ನಿಲ್ಲುತ್ತದೆ, ಈಗ ಹಳ್ಳಿನ ಮಾತು ಬರುತ್ತದೆ ಎಂದು ಜೀವ ಬಿಗಿಹಿಡಿದೆ. ಪೇಟಿ ನಿಲ್ಲಲಿಲ್ಲ. ಅಪ್ಪ ತಡ ಮಾಡಿದಲ್ಲಿ ಮಾಮ ಒಂದು ಅಕ್ಷರವನ್ನು ಎಳೆದರು. ಅಪ್ಪ ಓಡಿದಲ್ಲಿ ಎರಡು ಮಾತು ಕೂಡಿಸಿ ನುಂಗಿದರು. ಏಟು ಬಿಟ್ಟುಹೋದಲ್ಲಿ "ಶಿವಶಿವಾ" ಎಂದು ಪೇಟಿಯ ಮೇಲೆ ಬೆರಳಾಡಿಸಿ, ಅಪ್ಪನ ಕೈ ಮತ್ತೆ ಬೀಳುವವರೆಗೆ ಕಾದರು. ತಾಳದವರ ಕಡೆ ಒಮ್ಮೆ ಕಣ್ಣು ಬಿಟ್ಟರು ನೋಡಿ, ಅವರೆಲ್ಲ ತಾಳವನ್ನು ಅಂಗೈಯಲ್ಲಿ ಅಡಗಿಸಿಕೊಂಡು ಮಾಮನ ಹಿಂದೆ ನಡೆದರು. ಹಾಡಿನ ಹಿಂದೆ ವಾದ್ಯ ನಡೆಯುವುದು ರೂಢಿ. ಅವತ್ತು ಇಡೀ ಮಂಡಳಿ ಒಂದು ದಮ್ಮಡಿಯ ಹಿಂದೆ ತಡವರಿಸುತ್ತ ನಡೆಯಿತು.

ಮುಗಿದ ಮೇಲೆ ಮಾಮ, "ಇವತ್ತ ಛಲೋ ಬಂತಪಾ" ಎಂದರು. ಅಪ್ಪನ ಕಣ್ಣಲ್ಲಿ ನೀರು. ನಾನು ಮಾಮನನ್ನು ಬಸ್ ಸ್ಟ್ಯಾಂಡಿಗೆ ಬಿಡುವ ನೆಪ ಮಾಡಿ ಜೊತೆಗೆ ಹೋದೆ. ಕೇಳುವ ಮೊದಲೇ ಅವರು ಹೇಳಿದರು.

"ಅವಗ ಹೇಳಬ್ಯಾಡವಾ. ನನ್ನ ದನಿ ಒಡೆದಾಗ, ಪದ ಮರತಾಗ, ಇಷ್ಟ ವರ್ಷ ಅಂವ ಮುಚ್ಚಿಗೆಂಡು ಬಂದಾನ. ಮಂದಿಗಿ ಗೊತ್ತಿಲ್ಲ ಅಷ್ಟ. ಈಗ ನನ್ನ ಪಾಳಿ."

"ಗೊತ್ತಾದ್ರ?"

"ನಾ ಇರಾತನಕ ಗೊತ್ತಾಗಂಗಿಲ್ಲ," ಎಂದು ಬಸ್ಸು ಹತ್ತಿದರು.

ಹೀಗೆ ಸೋಮವಾರಗಳು ನಡೆದವು. ಒಬ್ಬ ಹುಡುಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಹೋದರೆ, "ಶಿವನ ಪದ ಸ್ಟೇಟಸ್ ಹಾಕಾಕಲ್ಲಲೇ" ಎಂದು ಮಾಮ ಗದರಿದರು. ಅಪ್ಪ ಅದನ್ನು ಕೇಳಿಸಿಕೊಂಡರೆ ಎಂಬ ಹೆದರಿಕೆ ಅದು. ಅಪ್ಪನಂತೂ ದಿನದಿನಕ್ಕೆ ಚಿಗುರಿದ. ವ್ಯಾಯಾಮ ಮಾಡಿಸಲು ಬರುವವರಿಗೆ, ಹಾಲಿನವನಿಗೆ, ಗ್ಯಾಸಿನವನಿಗೆ ಎಲ್ಲ ಒಂದೇ ಮಾತು: "ಕೈ ಹೋದ್ರ ಹೋತು, ಕಾಲು ಹೋದ್ರ ಹೋತು. ಲಯ ಒಂದು ಉಳೀತು ನೋಡ್ರಿ. ಅದು ನನ್ನ ಆಸ್ತಿ." ಅವನು ಹಾಗೆ ಹೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಪಾತ್ರೆಗಳನ್ನು ಜೋರಾಗಿ ಇಡುತ್ತಿದ್ದೆ.

ಸಿರುಗುಪ್ಪದಲ್ಲಿ ಭತ್ತದ ಕೊಯ್ಲು ನಡೆದಿದ್ದಾಗ ಮಾಮ ಹೋದರು. ಬೆಳಿಗ್ಗೆ ಚಹಾ ಕುಡಿದು, ಎದೆ ಹಿಡಿದಿದೆ ಎಂದು ಮಲಗಿದವರು ಏಳಲಿಲ್ಲ. ಅವರ ಮಗಳು ಫೋನು ಮಾಡಿದಳು. ಅಪ್ಪನಿಗೆ ಹೇಳಿದೆ. ಅಪ್ಪ "ದಮ್ಮಡಿ ತಗೋ" ಎಂದ. ಏನೆಂದು ಹೇಳಿ ಬೇಡವೆನ್ನಲಿ?

ಮಾಮನನ್ನು ಪಡಸಾಲೆಯಲ್ಲಿ ಕುಳ್ಳಿರಿಸಿದ್ದರು. ಹಣೆಗೆ ವಿಭೂತಿ, ಕೊರಳ ತುಂಬ ಹೂವು. ಸಿರುಗುಪ್ಪದ ಮಂಡಳಿಯವರು ಕೂತು ಹಾಡುತ್ತಿದ್ದರು. ಅವರದೇ ತಬಲಾ ಇತ್ತು, ಹೀಗಾಗಿ ಅಪ್ಪ ಸುಮ್ಮನೆ ಕೇಳುತ್ತ ಕೂತ. ಕುರುಗೋಡಿನವರು ಇನ್ನೂ ದಾರಿಯಲ್ಲಿದ್ದರು. ಕೊಯ್ಲಿನ ಮಷೀನುಗಳು, ಭತ್ತದ ಟ್ರ್ಯಾಕ್ಟರುಗಳು ಅಡ್ಡವಾಗಿ ರಸ್ತೆ ಜಾಮ್ ಆಗಿತ್ತಂತೆ. ನಾನು ಬಾಗಿಲ ಕಡೆಯೇ ನೋಡುತ್ತಿದ್ದೆ. ಅವರು ಬರುವುದರೊಳಗೆ ವಿಮಾನ ಎತ್ತಿದರು. ತಬಲಾ ನಿಂತಿತು.

"ನಾ ಬರ್ತೀನಿ," ಎಂದ ಅಪ್ಪ. "ಅವನ್ನ ಮುಟ್ಟಿಸಿ ಬರ್ತೀನಿ."

ಹಿರಿಯರ ಮಾತು, ಯಾರೂ ಎದುರಾಡಲಿಲ್ಲ. ಲಗೇಜ್ ಆಟೋದ ಹಿಂಬದಿಯಲ್ಲಿ ಕುರ್ಚಿ ಹಾಕಿ ಅಪ್ಪನನ್ನು ಕೂರಿಸಿದರು. ಎಡಕ್ಕೆ ನಾನು. ಅಪ್ಪನ ಮುಖ ವಿಮಾನದ ಕಡೆಗೆ. ನಡುವೆ ಹಾಡುವವರು. ಗಟ್ಟಿ ದನಿಯ ಒಬ್ಬ ಯುವಕ ಪದ ಎತ್ತಿದ. ಒಳ್ಳೆಯ ಹಾಡುಗಾರ, ತಾಳವೆಂದರೆ ಗೆರೆ ಕೊರೆದ ಹಾಗೆ. ಅಪ್ಪ ಬಾರಿಸತೊಡಗಿದ. ಎರಡನೆಯ ಸಾಲಿಗೇ ದಮ್ಮಡಿ ಒಂದು ಕಡೆ, ಹಾಡು ಒಂದು ಕಡೆ ಆಯಿತು. ಹಾಡು ಕಾಯಲಿಲ್ಲ. ಏಕೆ ಕಾಯಬೇಕು, ಆ ಹುಡುಗನಿಗೇನು ಗೊತ್ತು? ತಾಳದವರು ಹಿಂದಿರುಗಿ ನೋಡಿದರು, ನೋಡಿ ತಮ್ಮ ತಾಳವನ್ನು ಇನ್ನಷ್ಟು ಜೋರು ಮಾಡಿದರು. ಒಬ್ಬರು ಹತ್ತಿರ ಬಂದು, ಮರ್ಯಾದೆಯಿಂದಲೇ, "ತಾತಾ, ಸ್ವಲ್ಪ ತಾಳ ನೋಡ್ಕಳ್ರಿ" ಎಂದರು.

ನಾನು ಒಳಗಿನಿಂದ ಬೆರಳು ಬಡಿಯತೊಡಗಿದೆ. ಚರ್ಮದ ಹಿಂದಿನಿಂದ ಅಪ್ಪನ ಕೈಗೆ ದಾರಿ ತೋರಿಸಬಹುದೆಂಬ ಹುಚ್ಚು ಆಸೆ. ಅಪ್ಪ ಕಣ್ಣು ತೆರೆದ. ನನ್ನ ಬೆರಳು ನೋಡಿದ. ಕೈ ತಡೆದ.

ದಾರಿಯ ರೈಸ್ ಮಿಲ್ಲಿನ ಗೋಡೆ ದಾಟುವವರೆಗೂ ಹಾಡು ಕೇಳಿದ. ತುಟಿ ಮಾತ್ರ ಏಟು ಹಾಕುತ್ತಿತ್ತು. ಅದೂ ಹಾಡಿಗೆ ಕೂಡುತ್ತಿಲ್ಲವೆಂದು ಅವನಿಗೇ ತಿಳಿಯಿತು, ತುಟಿಯೂ ನಿಂತಿತು. ಆಮೇಲೆ ಕೇಳಿದ.

"ಸೋಮವಾರ ಅಂವ ಹೆಂಗ ಹಾಡ್ತಿದ್ದ?"

ನನ್ನ ಅಳುವೇ ಉತ್ತರವಾಯಿತು.

"ಎಷ್ಟು ದಿನದಿಂದ?"

"ಮೊದಲಿಂದ, ಅಪ್ಪಾ."

ಅಪ್ಪ ದಮ್ಮಡಿಯನ್ನು ನನ್ನ ಮಡಿಲಿಗೆ ತಳ್ಳಿದ. "ನೀ ಬಾರಸು. ಅವಗ ತಪ್ಪಿದ್ರ ಸೇರಂಗಿಲ್ಲ." ನಾನು ಮಂದಿಯ ಮುಂದೆ ಎಂದೂ ಬಾರಿಸಿರಲಿಲ್ಲ. ಕಾಲುವೆ ದಾಟಿ, ಕೊಯ್ದ ಗದ್ದೆಗಳ ಬದಿಯಲ್ಲಿ, ಸ್ಮಶಾನದವರೆಗೆ ಬಾರಿಸಿದೆ. ಹಾಡು ಕೂಡಿತು. ಅದು ಕೂಡಿದ್ದು ಕೇಳಿ ನನಗೆ ಇನ್ನಷ್ಟು ಅಳು ಬಂತು. ಅಪ್ಪ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ, ವಿಮಾನದಲ್ಲಿ ಕಣ್ಣು ಮುಚ್ಚಿ ಕೂತ ಗೆಳೆಯನನ್ನೇ ನೋಡುತ್ತಿದ್ದ.

ಕುಣಿಯ ಹತ್ತಿರ ಕುರ್ಚಿ ಸಮೇತ ಅಪ್ಪನನ್ನು ಇಳಿಸಿದರು. ಮಾಮನನ್ನು ಒಳಗೆ ಕುಳ್ಳಿರಿಸಿ, ಪತ್ರಿ, ವಿಭೂತಿ ಹಾಕಿ, ಒಬ್ಬೊಬ್ಬರಾಗಿ ಮಣ್ಣು ಹಾಕತೊಡಗಿದರು. ಅಪ್ಪನ ಬಲಗೈಗೆ ನಾನು ಒಂದು ಹಿಡಿ ಮಣ್ಣು ಕೊಟ್ಟೆ. ಅವನು ಅದನ್ನು ಹಾಕದೆ ಹಿಡಿದುಕೊಂಡೇ ಕುಣಿಯತ್ತ ಬಗ್ಗಿದ. ಬೀಳುತ್ತಾನೆಂದು ನಾನು ಹಿಂದಿನಿಂದ ಅಂಗಿ ಹಿಡಿದುಕೊಂಡೆ.

"ಊರ ಮಂದಿನೆಲ್ಲ ಬೈತಿದ್ದೆಲ್ಲೋ," ಎಂದ ಅಪ್ಪ. "ಮೊದಲಿನಂಗ ನನಗೂ ಒಮ್ಮೆರ ಬೈಬೇಕಿತ್ತಲೇ."