ಟ್ರೇಲರ್ ಮೇಲಿಂದ ಬಂದ ದನಿ

ಗೆಳೆಯರೇ, ಇವತ್ತು ಮಧ್ಯಾಹ್ನ ಗೋಕಾಕದ ಗುಡ್ಡದಲ್ಲಿ ನಡೆದದ್ದು ಇದು.

ಯುದ್ಧದಿಂದಾಗಿ ಪೆಟ್ರೋಲ್ ಸಿಗದ ಕಾರಣ ಇದ್ದಿಲು ಉರಿಸಿದ ಗ್ಯಾಸಿನಿಂದ ನಾನು ಓಡಿಸುವ ಲಾರಿಗೆ ಟ್ರೇಲರ್ ಕಟ್ಟಿಕೊಂಡು ಕುಲಗೋಡದ ಬಾವಿಯೊಂದಕ್ಕೆ ಆಯಿಲ್ ಎಂಜಿನ್ ಒಯ್ಯುತ್ತಿದ್ದೆ. ಟ್ರೇಲರ್ ಮೇಲೆ ಕುಳಿತು ಅದರ ಬ್ರೇಕ್ ಹಿಡಿಯುವುದು ಕಲ್ಲಪ್ಪ ಕಾಕಾನ ಕೆಲಸ. ಏರು ಮುಗಿದು ಇನ್ನೇನು ಇಳಿಜಾರು ಶುರುವಾಗಬೇಕು, ಹಿಂದಿನಿಂದ ಅವನ ದನಿ ಬಂತು.

"ನಿಂದರಸೋ ತಮ್ಮಾ!"

ಮತ್ತೊಮ್ಮೆ ಕಿವಿಯ ಹತ್ತಿರವೇ ಕೂಗಿದಂತಾಯಿತು. "ನಿಂದರಸೋ!"

ಲಾರಿ ನಿಲ್ಲಿಸಿ ಇಳಿದೆ. ಟ್ರೇಲರನ್ನು ಲಾರಿಗೆ ಕಟ್ಟಿದ ಕೊಂಡಿಯ ಪಿನ್ನು ಜಾರಿ ತುದಿಯಲ್ಲಿ ತೂಗುತ್ತಿತ್ತು. ಇನ್ನೊಂದು ತಿರುವು ಬಂದಿದ್ದರೆ ಎಂಜಿನ್ ಕಣಿವೆಯ ಪಾಲು.

"ಕಾಕಾ, ನೀ ಉಳಸಿದಿ ನೋಡು!" ಎಂದು ತಲೆಯೆತ್ತಿದೆ. ಟ್ರೇಲರ್ ಮೇಲೆ ಯಾರೂ ಇರಲಿಲ್ಲ. ಸುತ್ತ ಒಂದು ಹಕ್ಕಿಯ ಸದ್ದೂ ಇರಲಿಲ್ಲ.

ಚಕ್ರಕ್ಕೆ ಕಲ್ಲು ಕೊಟ್ಟು, ಪಿನ್ನು ಬಡಿದು ಕೂರಿಸಿ, ಲಾರಿಗೆ ಬೆನ್ನು ಆನಿಸಿ ನಿಂತೆ. ಅರ್ಧ ತಾಸಿನ ಮೇಲೆ ಕಾಕಾ ಬೆವರು ಒರೆಸುತ್ತ ನಡೆದು ಬಂದ.

"ಕೆಳಗ ನೀ ಇದ್ದಿಲು ಹಾಕಾಕ ನಿಂತಾಗ ನೀರು ಕುಡ್ಯಾಕ ಇಳದಿದ್ನಿ. ಬಿಟ್ಟ ಬಂದಿಯಲ್ಲೋ!"

"ಹಂಗಾರ ನನ್ನ ಕರದಾವ್ರು ಯಾರು?"

ಎಲ್ಲ ಕೇಳಿದ ಮೇಲೆ ಕಾಕಾ ಟ್ರೇಲರ್ ಮೇಲಿನ ತನ್ನ ಖಾಲಿ ಜಾಗ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ:

"ಯಾರರ ಆಗ್ಲಿ ತಮ್ಮಾ. ನಾ ಇಲ್ಲದನೂ ನನ್ನ ಕೆಲಸ ನಡೀತೈತಿ ಅಂತ ಮಾಲಕರಿಗೆ ಮಾತ್ರ ಹೇಳಬ್ಯಾಡ."